ಪಿಯು, ಸಿಇಟಿ ಅಂಕ ಕೂಡಿಸೋ ಮುಂಚೆ ತೂಕ ನೋಡ್ರಪ್ಪಾ

ಸಂಪಾದಕರಿಗೆ ನಮಸ್ಕಾರ.

ನಾನು 31 ವರ್ಷ ಪಿಯು ಕಾಲೇಜಲ್ಲಿ ಗಣಿತ ಪಾಠ ಮಾಡಿ ರಿಟೈರ್ ಆಗಿರೋನು. ಪತ್ರಿಕೆಗೆ ಇದುವರೆಗೂ ಒಂದು ಪತ್ರನೂ ಬರೆದಿಲ್ಲ, ಆದ್ರೆ ಈ ವಿಷಯ ಮನಸ್ಸಲ್ಲಿ ಕೊರೀತಾ ಇದೆ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಲೆಕ್ಕದ ಭಾಗ ಮಾತ್ರ ಕತ್ತರಿಸಬೇಡಿ, ಲೆಕ್ಕನೇ ಇಲ್ಲಿ ಮುಖ್ಯ.

ನಮ್ಮ ಪಕ್ಕದ ಮನೆಯವರು ರೈತರು, ಎರಡು ಸೀಮೆ ಹಸು ಒಂದು ಎಮ್ಮೆ ಕಟ್ಟಿದ್ದಾರೆ, ಬೆಳಿಗ್ಗೆ ಸಂಜೆ ಡೇರಿಗೆ ಹಾಲು ಹಾಕ್ತಾರೆ. ಅವರ ಮಗಳು ಸೆಕೆಂಡ್ ಪಿಯು ಸೈನ್ಸ್. ರಿಸಲ್ಟ್ ಬಂದ ಮಾರನೇ ದಿನ ಸಂಜೆ ಅಪ್ಪ ಮಗಳು ಇಬ್ರೂ ನಮ್ಮನೆ ಜಗಲಿಗೆ ಬಂದು ಕೂತ್ರು, ಕೈಯಲ್ಲಿ ಪೇಡ ಡಬ್ಬಿ. ಫಿಸಿಕ್ಸ್ ಕೆಮಿಸ್ಟ್ರಿ ಮ್ಯಾಥ್ಸ್ ಮೂರೂ ಸೇರಿ 300ಕ್ಕೆ 282. ಸಿಇಟಿಗೆ ಇನ್ನೊಂದೇ ವಾರ ಬಾಕಿ. ಹುಡುಗಿ ಹೇಳಿದ್ಲು, "ಸಾರ್, ನಾನು ಎರಡೂ ಸೇರಿ 80 ಪರ್ಸೆಂಟ್ ಬರಬೇಕು ಅಂತ ಇಟ್ಕೊಂಡಿದೀನಿ, ಲೆಕ್ಕ ಹಾಕಿದೆ, ಸಿಇಟಿಲಿ 102 ಬಂದ್ರೆ ಸಾಕು." ಮುಖದಲ್ಲಿ ಎಷ್ಟು ನೆಮ್ಮದಿ ಅಂದ್ರೆ, ಒಂದು ವಾರದ ಓದು ಅಲ್ಲೇ ಅರ್ಧ ಮುಗಿದ ಹಾಗಿತ್ತು.

102 ಹೇಗೆ ಬಂತು ಅಂತ ಕೇಳಿದೆ. ಬೆರಳಲ್ಲೇ ಜಗಲಿ ಮೇಲೆ ಬರೆದು ತೋರಿಸಿದ್ಲು. ಪಿಯು 300, ಸಿಇಟಿ ಮೂರು ವಿಷಯಕ್ಕೆ 60 ರಂತೆ 180, ಒಟ್ಟು 480. 480ರ 80 ಪರ್ಸೆಂಟ್ 384. ಅದರಲ್ಲಿ 282 ಕಳೆದ್ರೆ 102. ಕೂಡೋದು ಕಳೆಯೋದು ಎಲ್ಲ ಸರಿಯಾಗಿದೆ, ಒಂದು ಅಂಕಿನೂ ತಪ್ಪಿಲ್ಲ, ಆದ್ರೂ ಉತ್ತರ ತಪ್ಪು.

ಯಾಕೆ ಅಂದ್ರೆ ನಮ್ಮಲ್ಲಿ ಇಂಜಿನಿಯರಿಂಗ್ ರ‍್ಯಾಂಕಿಗೆ ಪಿಯು ಅಂಕಕ್ಕೆ ಅರ್ಧ ತೂಕ, ಸಿಇಟಿ ಅಂಕಕ್ಕೆ ಅರ್ಧ ತೂಕ. 300 ಅಂಕದ ಪರೀಕ್ಷೆಗೂ ಅರ್ಧ, 180 ಅಂಕದ ಪರೀಕ್ಷೆಗೂ ಅಷ್ಟೇ ಅರ್ಧ. ಅಂದ್ರೆ ಪಿಯುನ 300 ಅಂಕ ಕುಗ್ಗಿ 50 ಆಗುತ್ತೆ, ಸಿಇಟಿಯ 180 ಕುಗ್ಗಿ ಅದೂ 50 ಆಗುತ್ತೆ. ಪಿಯು ಅಂಕನ 6ರಿಂದ ಭಾಗಿಸಬೇಕು, ಸಿಇಟಿ ಅಂಕನ 3.6ರಿಂದ ಭಾಗಿಸಬೇಕು, ಆಮೇಲೆ ಕೂಡಬೇಕು. ಅವಳ 282 ಭಾಗಿಸು 6 ಅಂದ್ರೆ 47. 80 ಮುಟ್ಟಬೇಕಾದ್ರೆ ಇನ್ನು 33 ಬೇಕು. 33 ಗುಣಿಸು 3.6 ಅಂದ್ರೆ 118.8. ಸಿಇಟಿಲಿ ಒಂದು ಪ್ರಶ್ನೆಗೆ ಒಂದು ಅಂಕ, ಮುಕ್ಕಾಲು ಅಂಕ ಅರ್ಧ ಅಂಕ ಅಂತ ಇಲ್ಲ, ಹಾಗಾಗಿ 119 ಬೇಕು. 102 ಅಲ್ಲ, 119. ಹದಿನೇಳು ಪ್ರಶ್ನೆ ವ್ಯತ್ಯಾಸ! 102 ತಗೊಂಡು ಬಂದಿದ್ರೆ ಅವಳಿಗೆ ಸಿಗ್ತಾ ಇದ್ದಿದ್ದು 75.33, ಆಗ ಎಲ್ಲಿ ತಪ್ಪಾಯ್ತು ಅಂತ ಮನೆಯಲ್ಲಿ ಯಾರಿಗೂ ಗೊತ್ತಾಗ್ತಾ ಇರಲಿಲ್ಲ, ಸಿಇಟಿ ಕಷ್ಟ ಇತ್ತು ಅಂದ್ಕೊಂಡು ಸುಮ್ಮನಾಗ್ತಾ ಇದ್ರು.

ಹುಡುಗಿ ಮುಖ ಬಾಡ್ತು, "ಸಾರ್ ಎರಡೂ ಅಂಕನೇ ಅಲ್ವಾ, ಯಾಕೆ ಸುಮ್ನೆ ಕೂಡೋ ಹಾಗಿಲ್ಲ" ಅಂದ್ಲು. ನಾನು ಬೋರ್ಡಲ್ಲಿ ಹೇಳೋ ಥರ ತೂಕ, ಗುಣಾಂಕ, ಅನುಪಾತ ಅಂತ ಶುರು ಮಾಡಿದೆ, ತಲೆ ಆಡಿಸಿದ್ಲು, ಆದ್ರೆ ಕಣ್ಣಲ್ಲಿ ಅರ್ಥ ಆದ ಗುರುತು ಇರಲಿಲ್ಲ. ಅವರಪ್ಪ ಅಲ್ಲಿವರೆಗೂ ಸುಮ್ಮನೆ ಕೂತಿದ್ರು. ಅವರು ಓದಿರೋದು ಏಳನೇ ಕ್ಲಾಸು. ಅವರು ಹೇಳಿದ್ರು ನೋಡಿ, "ಅಲ್ಲ ಮಗಳೇ, ನಮ್ ಹಸು ಹಾಲು ಫ್ಯಾಟು 3.4 ಬರುತ್ತೆ, ಎಮ್ಮೆದು 6.5 ಬರುತ್ತೆ, ಎರಡೂ ಒಂದೇ ಕ್ಯಾನಿಗೆ ಹಾಕಿದ್ರೆ ಯಾವತ್ತಾದ್ರೂ ಮಧ್ಯಕ್ಕೆ ಸರಿಯಾಗಿ 4.95 ಬಂದಿದೆಯಾ? ಹಸು ಹಾಲು ಹನ್ನೆರಡು ಲೀಟ್ರು, ಎಮ್ಮೆದು ಮೂರೇ ಲೀಟ್ರು, ಜಾಸ್ತಿ ಇರೋ ಕಡೆಗೆ ತಾನೇ ಎಳೆಯೋದು."

ನನಗೆ ಮೈ ಜುಂ ಅಂತು. ಮೂರು ದಶಕ ನಾನು ಇಷ್ಟು ಸಲೀಸಾಗಿ ಯಾವ ಕ್ಲಾಸಲ್ಲೂ ಹೇಳಿರಲಿಲ್ಲ. ಹಸು ಹಾಲು 12 ಲೀಟರ್ ಗುಣಿಸು 3.4 ಅಂದ್ರೆ 40.8, ಎಮ್ಮೆ ಹಾಲು 3 ಲೀಟರ್ ಗುಣಿಸು 6.5 ಅಂದ್ರೆ 19.5, ಎರಡೂ ಕೂಡಿದ್ರೆ 60.3, ಒಟ್ಟು ಹಾಲು 15 ಲೀಟರ್, ಭಾಗಿಸಿದ್ರೆ 4.02. ಅವರ ಕ್ಯಾನಿಗೆ ಹೆಚ್ಚೂಕಮ್ಮಿ ದಿನಾ ಬರೋದು ಅಷ್ಟೇ ಅಂತೆ! ಹುಡುಗಿಗೆ ಆಗ ಫಕ್ಕನೆ ಹೊಳೀತು. ಲೀಟರ್ ಅನ್ನೋದೇ ತೂಕ. ಸಿಇಟಿಲಿ ಎರಡು ಕ್ಯಾನಿಂದಲೂ ಸಮ ಸಮ ಹಾಲು ಅಳೆದು ಹಾಕ್ತಾರೆ, ದೊಡ್ಡ ಕ್ಯಾನು ಅಂತ ಜಾಸ್ತಿ ಹಾಕಲ್ಲ. ಅವಳೇ ಹೇಳಿದ್ಲು ಈ ಮಾತು, ನಾನಲ್ಲ.

ಆಮೇಲೆ ಅವರಪ್ಪನೇ ಒಂದು ಪ್ರಶ್ನೆ ಕೇಳಿದ್ರು, ಇದೇ ನಾನು ಈ ಪತ್ರ ಬರೆಯೋಕೆ ಕಾರಣ. "ಮೇಷ್ಟ್ರೇ, 12 ಲೀಟ್ರು ಹಸು ಹಾಲು ಇರೋವಾಗ ಫ್ಯಾಟು 4ಕ್ಕಿಂತ ಕೆಳಗೆ ಬರಬಾರದು ಅಂದ್ರೆ ಎಮ್ಮೆ ಹಾಲು ಕಮ್ಮಿ ಅಂದ್ರೂ ಎಷ್ಟು ಹಾಕಬೇಕು? ಮನೆಗೆ ಕಾಫಿಗೆ ಎಷ್ಟು ಉಳಿಸ್ಕೋಬಹುದು ಅಂತ ನಮ್ಮನೆಯವಳು ದಿನಾ ಕೇಳ್ತಾಳೆ."

ಇದು ಅಸಮತೆ ಲೆಕ್ಕ, ಅಂದ್ರೆ ಇಷ್ಟಕ್ಕಿಂತ ಕಮ್ಮಿ ಆಗಬಾರದು, ಇಷ್ಟಕ್ಕಿಂತ ಜಾಸ್ತಿ ಆಗಬಾರದು ಅನ್ನೋ ಥರದ್ದು, ಪಿಯು ಸಿಲಬಸ್ಸಲ್ಲಿ ಇರೋದೇ. ಎಮ್ಮೆ ಹಾಲು ಎಕ್ಸ್ ಲೀಟರ್ ಅಂತ ಇಟ್ಕೊಂಡ್ರೆ, 40.8 ಕೂಡಿಸು 6.5 ಎಕ್ಸ್ ಅನ್ನೋದು, 12 ಕೂಡಿಸು ಎಕ್ಸ್ ಇದರ 4 ಪಟ್ಟಿಗಿಂತ ಕಮ್ಮಿ ಆಗಬಾರದು. ಎಡಗಡೆ 40.8 ಮತ್ತೆ 6.5 ಎಕ್ಸ್, ಬಲಗಡೆ 48 ಮತ್ತೆ 4 ಎಕ್ಸ್. ಆಚೆ ಈಚೆ ಮಾಡಿದ್ರೆ 2.5 ಎಕ್ಸ್ ಅನ್ನೋದು 7.2 ಅಥವಾ ಅದಕ್ಕಿಂತ ಜಾಸ್ತಿ ಇರಬೇಕು, ಅಂದ್ರೆ ಎಕ್ಸ್ 2.88 ಲೀಟರ್ ಅಥವಾ ಜಾಸ್ತಿ. ಆದ್ರೆ ಅವರಪ್ಪನಿಗೆ ಎಕ್ಸ್ ಬೇಕಾಗ್ಲಿಲ್ಲ. ಹಸು ಹಾಲಿನ ಪ್ರತಿ ಲೀಟರಲ್ಲಿ 4 ಮುಟ್ಟೋಕೆ 0.6 ಕಮ್ಮಿ, ಅದನ್ನ ಸಾಲ ಅಂತ ಇಟ್ಕೊಳ್ಳಿ, ಹನ್ನೆರಡು ಲೀಟರಿಗೆ 7.2 ಸಾಲ. ಎಮ್ಮೆ ಹಾಲಿನ ಪ್ರತಿ ಲೀಟರಲ್ಲಿ 2.5 ಮಿಗುತ್ತೆ. 7.2 ಸಾಲ ತೀರಿಸೋಕೆ 2.5ರ ಎಷ್ಟು ಲೀಟರ್ ಬೇಕು? 2.88. ಹೀಗೆ ಸಾಲ ಅಂತ ಹೇಳಿದ್ ಕೂಡಲೇ ಅವರೇ ಬಾಯಲ್ಲೇ "ಮೂರು ಲೀಟ್ರಿಗೆ ಒಂದು ಲೋಟ ಕಮ್ಮಿ" ಅಂದ್ರು. ಬೀಜಗಣಿತದಲ್ಲಿ ನಾವು ನಾಲ್ಕು ಸಾಲು ಬರೆಯೋದೂ ಇದೇ ಸಾಲ ತೀರಿಸೋ ಲೆಕ್ಕ, ಬೇರೆ ಏನೂ ಅಲ್ಲ.

ಈಗ ನೋವಿನ ವಿಷಯ ಹೇಳ್ತೀನಿ. ಅದೇ ಹುಡುಗಿಗೆ ಪ್ರಥಮ ಪಿಯು ಪುಸ್ತಕದಲ್ಲಿರೋ ಬೋರಿಕ್ ಆಸಿಡ್ ಲೆಕ್ಕ ಕೊಟ್ಟೆ. 8 ಪರ್ಸೆಂಟಿನ ದ್ರಾವಣ 640 ಲೀಟರ್ ಇದೆ, ಅದಕ್ಕೆ 2 ಪರ್ಸೆಂಟಿನ ದ್ರಾವಣ ಎಷ್ಟು ಸೇರಿಸಿದ್ರೆ ಮಿಶ್ರಣ 4ಕ್ಕಿಂತ ಜಾಸ್ತಿ 6ಕ್ಕಿಂತ ಕಮ್ಮಿ ಇರುತ್ತೆ ಅನ್ನೋ ಲೆಕ್ಕ. ಐದು ನಿಮಿಷದಲ್ಲಿ ಮಾಡಿ ಮುಗಿಸಿದ್ಲು, 320 ಲೀಟರಿಗಿಂತ ಜಾಸ್ತಿ, 1280 ಲೀಟರಿಗಿಂತ ಕಮ್ಮಿ, ಸರಿಯಾದ ಉತ್ತರ. ಹಾಲಿನ ಲೆಕ್ಕ, ಸಿಇಟಿ ಲೆಕ್ಕ, ಬೋರಿಕ್ ಆಸಿಡ್ ಲೆಕ್ಕ ಮೂರೂ ಒಂದೇ ಲೆಕ್ಕ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ಬೋರಿಕ್ ಆಸಿಡ್ಡನ್ನ ಅವಳು ಕಣ್ಣಾರೆ ನೋಡಿಲ್ಲ, ಹಾಲು ದಿನಾ ಹೊರ್ತಾಳೆ. ನಾನೂ ನನ್ನ ವಿದ್ಯಾರ್ಥಿಗಳಿಗೆ ಬೋರಿಕ್ ಆಸಿಡ್ಡನ್ನೇ ಮಾಡಿಸಿದೀನಿ, ಪರೀಕ್ಷೆಗೆ ಬರೋ ಲೆಕ್ಕ ಅಂತ ಹೇಳಿ ಮಾಡಿಸಿದೀನಿ, ಅದಕ್ಕೆ ಈಗ ಬೇಜಾರಿದೆ.

ಸರಾಸರಿ ಅಂದ್ರೆ ಕೂಡಿ ಎರಡರಿಂದ ಭಾಗಿಸೋದು ಅಂತ ನಾವು ಪ್ರೈಮರಿಲಿ ಹೇಳಿಕೊಡ್ತೀವಿ, ಅದು ಎರಡೂ ಕಡೆ ತೂಕ ಸಮ ಇದ್ದಾಗ ಮಾತ್ರ ಸರಿ ಅನ್ನೋ ಅರ್ಧ ಮಾತನ್ನ ಹೇಳೋದೇ ಇಲ್ಲ. ಎಸ್ಸೆಸ್ಸೆಲ್ಸಿಲೇ ನೋಡಿ, ಪ್ರಥಮ ಭಾಷೆಗೆ 125 ಅಂಕ, ಉಳಿದ 5 ವಿಷಯಕ್ಕೆ 100 ರಂತೆ, ಒಟ್ಟು 625. ಕನ್ನಡದಲ್ಲಿ 125ಕ್ಕೆ 120 ಅಂದ್ರೆ 96 ಪರ್ಸೆಂಟ್, ಉಳಿದಿದ್ದೆಲ್ಲ 80 ಅಂದ್ಕೊಳ್ಳಿ. ಆರೂ ಪರ್ಸೆಂಟ್ ಕೂಡಿ 6ರಿಂದ ಭಾಗಿಸಿದ್ರೆ 82.67 ಬರುತ್ತೆ, ನಿಜವಾದ್ದು 520 ಭಾಗಿಸು 625, ಅಂದ್ರೆ 83.2. ಕನ್ನಡಕ್ಕೆ ಕಾಲು ಭಾಗ ಜಾಸ್ತಿ ತೂಕ ಇದೆ ಅನ್ನೋದೇ ಎಷ್ಟೋ ಮಕ್ಕಳಿಗೆ ಹೊಳೆಯಲ್ಲ, ಕನ್ನಡ ಹೇಗೂ ಬರುತ್ತೆ ಬಿಡು ಅಂತ ಕೊನೆಗೆ ಓದ್ತಾರೆ.

ಮತ್ತೆ ತೂಕ ಎಷ್ಟು ಅನ್ನೋದು ಬರೀ ಲೆಕ್ಕ ಅಲ್ಲ, ಅದು ನ್ಯಾಯದ ಪ್ರಶ್ನೆನೂ ಹೌದು. ಕೋವಿಡ್ ಟೈಮು ನೆನಪಿದೆಯಲ್ಲ. 2021ರಲ್ಲಿ ದ್ವಿತೀಯ ಪಿಯು ಪರೀಕ್ಷೆನೇ ನಡೀಲಿಲ್ಲ, ಎಸ್ಸೆಸ್ಸೆಲ್ಸಿಗೆ 45, ಪ್ರಥಮ ಪಿಯುಗೆ 45, ದ್ವಿತೀಯ ಪಿಯು ಆಂತರಿಕಕ್ಕೆ 10 ಅಂತ ತೂಕ ಹಾಕಿ ಅಂಕ ಕೊಟ್ರು. ಆ ವರ್ಷ ರ‍್ಯಾಂಕಿಗೆ ಬರೀ ಸಿಇಟಿ ಅಂಕ ತಗೊಂಡ್ರು. ಮುಂದಿನ ವರ್ಷ 2022ರಲ್ಲಿ ಅದೇ ಬ್ಯಾಚಿನ ಮಕ್ಕಳು ಮತ್ತೆ ಸಿಇಟಿ ಬರೆದಾಗ ಅವರ ಪಿಯು ಅಂಕ ಲೆಕ್ಕಕ್ಕೆ ತಗೊಳ್ಳಲಿಲ್ಲ, ವಿಷಯ ಹೈಕೋರ್ಟಿಗೆ ಹೋಯ್ತು. ನಿಮ್ಮ ಪತ್ರಿಕೆಲೂ ದಿನಾ ಸುದ್ದಿ ಬರ್ತಾ ಇತ್ತು, ಆದ್ರೆ ಆ ಮಕ್ಕಳು ಯಾಕೆ ಅಷ್ಟು ಸಂಕಟಪಟ್ರು ಅಂತ ಒಂದು ಲೆಕ್ಕ ಹಾಕಿ ತೋರಿಸಿದ್ದು ನಾನು ಎಲ್ಲೂ ನೋಡಲಿಲ್ಲ.

ಇಬ್ರು ಮಕ್ಕಳನ್ನ ಊಹೆ ಮಾಡ್ಕೊಳ್ಳಿ. ಒಬ್ಬನಿಗೆ ಪಿಯುಲಿ 98 ಪರ್ಸೆಂಟ್, ಸಿಇಟಿಲಿ 70. ಇನ್ನೊಬ್ಬಳಿಗೆ ಪಿಯುಲಿ 80, ಸಿಇಟಿಲಿ 76. ಬರೀ ಸಿಇಟಿ ನೋಡಿದ್ರೆ 76 ಮುಂದೆ, 70 ಹಿಂದೆ. ಅರ್ಧ ಅರ್ಧ ತೂಕ ಹಾಕಿದ್ರೆ ಮೊದಲನೇಯವನಿಗೆ 84, ಎರಡನೇಯವಳಿಗೆ 78, ಪೂರ್ತಿ ಉಲ್ಟಾ. ಹಾಗಾದ್ರೆ ಪಿಯುಗೆ ಎಷ್ಟು ತೂಕ ಕೊಟ್ಟಾಗ ಇದು ಉಲ್ಟಾ ಆಗುತ್ತೆ? ಇದನ್ನ ಯಾವ ಪಿಯು ಹುಡುಗನೂ ಮಾಡಬಹುದು. ಪಿಯುಲಿ ಮೊದಲನೇಯವನು 18 ಮುಂದೆ, ಸಿಇಟಿಲಿ 6 ಹಿಂದೆ. ಪಿಯು ತೂಕ ಡಬ್ಲ್ಯೂ ಅಂದ್ರೆ ಸಿಇಟಿ ತೂಕ ಒಂದರಲ್ಲಿ ಡಬ್ಲ್ಯೂ ಕಳೆದಷ್ಟು. 18 ಡಬ್ಲ್ಯೂ ಅನ್ನೋದು ಆ ಉಳಿದ ತೂಕದ 6 ಪಟ್ಟಿಗಿಂತ ಜಾಸ್ತಿ ಇದ್ರೆ ಅವನು ಮುಂದೆ. ಬಿಡಿಸಿದ್ರೆ 24 ಡಬ್ಲ್ಯೂ 6ಕ್ಕಿಂತ ಜಾಸ್ತಿ, ಅಂದ್ರೆ ಡಬ್ಲ್ಯೂ ಕಾಲು ಭಾಗಕ್ಕಿಂತ ಜಾಸ್ತಿ. ಪಿಯುಗೆ 25 ಪರ್ಸೆಂಟ್ ದಾಟಿ ತೂಕ ಕೊಟ್ರೆ ಅವನು, ಅದಕ್ಕಿಂತ ಕಮ್ಮಿ ಕೊಟ್ರೆ ಅವಳು. ಇಬ್ರೂ ಬರೆದ ಉತ್ತರ ಪತ್ರಿಕೆಲಿ ಒಂದು ಅಕ್ಷರನೂ ಬದಲಾಗಿಲ್ಲ, ತೂಕ ಒಂದು ಬದಲಾಯ್ತು, ಒಬ್ಬರ ಸೀಟು ಇನ್ನೊಬ್ಬರಿಗೆ ಹೋಯ್ತು. ಈ ಲೆಕ್ಕ ಗೊತ್ತಿದ್ರೆ ಮಾತ್ರ ಇಂಥ ನಿಯಮ ಬಂದಾಗ ತಂದೆ ತಾಯಿ ಸರಿಯಾದ ಪ್ರಶ್ನೆ ಕೇಳೋಕಾಗೋದು.

ಇನ್ನೊಂದು ವಿಷಯ, ಅಸಮತೆಗೆ ಎರಡು ತುದಿ ಇರುತ್ತೆ, ನಮ್ಮ ಮಕ್ಕಳು ಒಂದೇ ತುದಿ ನೋಡ್ತಾರೆ. ಸಿಇಟಿಲಿ 119 ಅಥವಾ ಜಾಸ್ತಿ ಅನ್ನೋದು ಒಂದು ಕಡೆ, 180 ಮೀರೋಕಾಗಲ್ಲ ಅನ್ನೋದು ಇನ್ನೊಂದು ಕಡೆ. ಪಿಯುಲಿ 55 ಪರ್ಸೆಂಟ್ ಬಂದಿರೋ ಹುಡುಗ ಸಿಇಟಿಲಿ 180ಕ್ಕೆ 180 ತಗೊಂಡ್ರೂ 27.5 ಮತ್ತೆ 50 ಸೇರಿ 77.5, ಅಲ್ಲಿಗೆ ಮುಗೀತು, 80 ಅವನ ಕೈಗೆ ಸಿಗೋದೇ ಇಲ್ಲ. ಅವನಿಗೆ ಇದನ್ನ ಮೊದಲೇ ಹೇಳಬೇಕು, ಹೇಳಿ ಬೇರೆ ಗುರಿ ಇಡಿಸಬೇಕು, ಸುಮ್ನೆ ಚೆನ್ನಾಗಿ ಓದು ಎಲ್ಲಾ ಆಗುತ್ತೆ ಅಂತ ಬೆನ್ನು ತಟ್ಟಿ ಕಳಿಸೋದು ಮೋಸ ಅಂತ ನನ್ನ ಅಭಿಪ್ರಾಯ. ಹಾಗೇ ಮಿಶ್ರಣದ ಫ್ಯಾಟು ಯಾವತ್ತೂ 3.4 ಮತ್ತೆ 6.5ರ ನಡುವೆನೇ ಇರುತ್ತೆ, ಅದರಾಚೆ ಉತ್ತರ ಬಂದ್ರೆ ಎಲ್ಲೋ ತಪ್ಪಿದೆ ಅಂತ ಅರ್ಥ. ಪರೀಕ್ಷೆಲಿ ಉತ್ತರ ಚೆಕ್ ಮಾಡೋಕೆ ಇದಕ್ಕಿಂತ ಸುಲಭದ ದಾರಿ ಇಲ್ಲ, ಎಷ್ಟು ಜನ ಮೇಷ್ಟ್ರು ಹೇಳ್ತಾರೆ?

ಅವಳಿಗೆ ಆ ಸಂಜೆ ಹೇಳಿದ ಇನ್ನೊಂದು ಮಾತು ಇಲ್ಲೂ ಹೇಳ್ತೀನಿ, ಬೇರೆ ಮಕ್ಕಳಿಗೂ ಉಪಯೋಗ ಆಗಬಹುದು. ಅಂತಿಮ ಲೆಕ್ಕದಲ್ಲಿ ಒಂದು ಅಂಕ ಏರೋಕೆ ಪಿಯುಲಿ 6 ಅಂಕ ಜಾಸ್ತಿ ಬರಬೇಕು, ಸಿಇಟಿಲಿ 4 ಪ್ರಶ್ನೆ ಜಾಸ್ತಿ ಸರಿ ಆದ್ರೆ ಸಾಕು. ಸಿಇಟಿಲಿ ತಪ್ಪು ಉತ್ತರಕ್ಕೆ ಅಂಕ ಕಳೆಯಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬಾರದು. ಪಿಯುಲಿ ಬಂದ 94 ಪರ್ಸೆಂಟನ್ನ ನೋಡ್ತಾ ಕೂರೋ ಬದಲು ಆ ಒಂದು ವಾರ ಪೂರ್ತಿ ಸಿಇಟಿಗೆ ಇಡು ಅಂದೆ. ಇನ್ನು 80 ಬಂದ ತಕ್ಷಣ ಇಂಥ ರ‍್ಯಾಂಕು ಗ್ಯಾರಂಟಿ ಅಂತನೂ ಅಲ್ಲ, ರ‍್ಯಾಂಕು ಉಳಿದವರ ಮೇಲೂ ನಿಂತಿದೆ, ಅದನ್ನೂ ಹೇಳಿದೆ.

ಈ ಲೆಕ್ಕ ನಮ್ಮ ನೆಲಕ್ಕೆ ಹೊಸದೇನಲ್ಲ ಸಾರ್. ರಾಷ್ಟ್ರಕೂಟರ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಗಣಿತಜ್ಞ ಮಹಾವೀರಾಚಾರ್ಯರು ಬೇರೆ ಬೇರೆ ಬಣ್ಣದ (ಬಣ್ಣ ಅಂದ್ರೆ ಇಲ್ಲಿ ಶುದ್ಧತೆ) ಚಿನ್ನ ಕರಗಿಸಿ ಸೇರಿಸಿದ್ರೆ ಯಾವ ಬಣ್ಣ ಬರುತ್ತೆ ಅಂತ ಲೆಕ್ಕ ಬರೆದಿಟ್ಟಿದ್ದಾರೆ. ಪ್ರತಿ ತುಂಡಿನ ತೂಕನ ಅದರ ಬಣ್ಣದಿಂದ ಗುಣಿಸು, ಎಲ್ಲ ಕೂಡು, ಒಟ್ಟು ತೂಕದಿಂದ ಭಾಗಿಸು. ತೂಕ ಅನ್ನೋ ಪದ ಅಲ್ಲಿ ನಿಜವಾಗ್ಲೂ ತಕ್ಕಡಿ ತೂಕನೇ. ಇವತ್ತಿಗೂ 22 ಕ್ಯಾರೆಟ್ಟಿನ 10 ಗ್ರಾಂ ಮತ್ತೆ 18 ಕ್ಯಾರೆಟ್ಟಿನ 5 ಗ್ರಾಂ ಕರಗಿಸಿದ್ರೆ 20 ಕ್ಯಾರೆಟ್ ಬರಲ್ಲ, 20.67 ಬರುತ್ತೆ ಅಂತ ಅಕ್ಕಸಾಲಿಗೆ ಗೊತ್ತು, ಗಿರಾಕಿಗೆ ಗೊತ್ತಿರಲ್ಲ.

ಪತ್ರಿಕೆಯವರಿಗೂ ಒಂದು ಮಾತು, ತಪ್ಪು ತಿಳೀಬೇಡಿ. ಫಲಿತಾಂಶದ ಸುದ್ದಿಲಿ ಹುಡುಗರು ಇಷ್ಟು ಪರ್ಸೆಂಟ್ ಹುಡುಗಿಯರು ಇಷ್ಟು ಪರ್ಸೆಂಟ್ ಅಂತ ಬಂದಾಗ, ಓದೋರು ಎರಡನ್ನೂ ಕೂಡಿ ಎರಡರಿಂದ ಭಾಗಿಸಿ ಶಾಲೆ ರಿಸಲ್ಟ್ ಇಷ್ಟು ಅಂತ ಮಾತಾಡ್ತಾರೆ, ನಾನು ಬಸ್ಸಲ್ಲಿ, ಎಸ್‌ಡಿಎಂಸಿ ಸಭೆಲಿ ಎಲ್ಲ ಕೇಳಿದೀನಿ. 20 ಹುಡುಗರಲ್ಲಿ 60 ಪರ್ಸೆಂಟ್, 60 ಹುಡುಗಿಯರಲ್ಲಿ 90 ಪರ್ಸೆಂಟ್ ಪಾಸಾದ್ರೆ ಶಾಲೆ ರಿಸಲ್ಟು 75 ಅಲ್ಲ, 80ರಲ್ಲಿ 66 ಮಕ್ಕಳು, 82.5. ಏಳೂವರೆ ಪರ್ಸೆಂಟ್ ಕಮ್ಮಿ ಹೇಳಿ ಒಂದು ಶಾಲೆ ಮೇಷ್ಟ್ರನ್ನ ಸಭೆಲಿ ನಿಲ್ಲಿಸಿ ಬೈದಿದ್ದನ್ನ ಕಣ್ಣಾರೆ ನೋಡಿದೀನಿ, ಆ ಮೇಷ್ಟ್ರಿಗೂ ಎದ್ದು ಲೆಕ್ಕ ಸರಿ ಮಾಡೋ ಧೈರ್ಯ ಬರಲಿಲ್ಲ. ಪರ್ಸೆಂಟ್ ಪಕ್ಕದಲ್ಲಿ ಎಷ್ಟು ಮಕ್ಕಳು ಕೂತಿದ್ರು ಅನ್ನೋ ಸಂಖ್ಯೆನೂ ಪ್ರತಿ ಸಲ ಹಾಕಿ, ಒಂದು ಸಾಲು ಜಾಸ್ತಿ ಆಗಬಹುದು ಅಷ್ಟೇ.

ಶಿಕ್ಷಣ ಇಲಾಖೆಯವರು ಇದನ್ನ ಓದಿದ್ರೆ ನನ್ನ ಬೇಡಿಕೆ ಏನೂ ದೊಡ್ಡದಲ್ಲ. ಬೋರಿಕ್ ಆಸಿಡ್ ಲೆಕ್ಕ ತೆಗೆಯಿರಿ ಅಂತ ನಾನು ಹೇಳ್ತಾ ಇಲ್ಲ, ಅದು ಒಳ್ಳೇ ಲೆಕ್ಕನೇ. ಅದರ ಪಕ್ಕದಲ್ಲಿ ಹಾಲಿನ ಲೆಕ್ಕ ಒಂದು, ಸಿಇಟಿ ಲೆಕ್ಕ ಒಂದು ಇರಲಿ, ಪರೀಕ್ಷೆಲೂ ಅಂಥದ್ದು ಒಂದು ಬರಲಿ, ಪರೀಕ್ಷೆಗೆ ಬಂದ್ರೇನೇ ಕ್ಲಾಸಲ್ಲಿ ಮಾಡಿಸೋದು ಅನ್ನೋದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಎಂಟು ಒಂಬತ್ತನೇ ಕ್ಲಾಸಲ್ಲೇ ಇದನ್ನ ಎಕ್ಸ್ ಇಲ್ಲದೆ, ಸಾಲ ಮತ್ತೆ ಮಿಗತೆ ಅಂತ ಶುರು ಮಾಡಬಹುದು. ಈಗ ಪಾಠ ಮಾಡ್ತಾ ಇರೋ ಮೇಷ್ಟ್ರುಗಳಿಗೆ ಕೈ ಮುಗಿದು ಕೇಳ್ತೀನಿ, ಪಿಯು ರಿಸಲ್ಟ್ ಬಂದ ದಿನ ನಿಮ್ಮ ಮಕ್ಕಳನ್ನ ಕರೆದು ಅವರವರ ಅಂಕ ಇಟ್ಕೊಂಡು ಈ ಒಂದು ಲೆಕ್ಕ ಮಾಡಿಸಿ ಕಳಿಸಿ. ಅರ್ಧ ಗಂಟೆ ಸಾಕು.

ಸಂಪಾದಕರೇ, ನಿಮ್ಮ ಶಿಕ್ಷಣ ಪುಟದಲ್ಲಿ ಸಿಇಟಿ ಮುಂಚೆ ಪ್ರತಿ ವರ್ಷ ಮಾದರಿ ಪ್ರಶ್ನೆ ಹಾಕ್ತೀರಿ. ಮುಂದಿನ ಸಲ ಅದರ ಜೊತೆಗೆ ನಮ್ಮ ಪಕ್ಕದ ಮನೆಯವರ ಪ್ರಶ್ನೆನೂ ಅವರ ಮಾತಲ್ಲೇ ಹಾಕಿ: 12 ಲೀಟ್ರು ಹಸು ಹಾಲು 3.4 ಫ್ಯಾಟು, ಎಮ್ಮೆದು 6.5, ಕ್ಯಾನು 4ಕ್ಕಿಂತ ಕೆಳಗೆ ಬರಬಾರದು, ಕಾಫಿಗೆ ಎಷ್ಟು ಉಳಿಸ್ಕೋಬಹುದು? ಅವರ ಎಮ್ಮೆ ಹೊತ್ತಿಗೆ ಮೂರೂವರೆ ಲೀಟರ್ ಕೊಡುತ್ತೆ.

ಇಂತಿ,
ಒಬ್ಬ ನಿವೃತ್ತ ಗಣಿತ ಉಪನ್ಯಾಸಕ
ತಿಪಟೂರು ತಾಲೂಕು